ಬುಟ್ಟಿಗೆ ಬಿದ್ದ ಪ್ರೂಫುಗಳು

ತಂಗೀ,

ನಿನ್ನ ಪಟ್ಟಿ ಮುಟ್ಟಿತು. ನೀನೂ ಇಬ್ಬರು ಗೆಳತಿಯರೂ ಸೇರಿ ವಿನ್ಯಾಸದ ಬಗ್ಗೆಯೇ ಮೂರು ತಿಂಗಳಿಗೊಂದು ಕನ್ನಡ ಪತ್ರಿಕೆ ತರುತ್ತೀರಿ ಅಂತ ಓದಿ ಹಿಗ್ಗಿದ್ದು ಖರೆ. ಪಟ್ಟಿ ಓದುತ್ತಾ ಹೋದಂತೆ ಹಿಗ್ಗು ತುಸು ಇಳಿದದ್ದೂ ಖರೆ. ‘ಕಾಕಾ, ಇದರಾಗ ಯಾವುದು ಇಡೂಣು, ಯಾವುದು ಬಿಡೂಣು, ನೀವೇ ಹೇಳ್ರಿ’ ಅಂತ ಕೊನೆಗೆ ಬರೆದಿದ್ದೀ. ಗದಗಿನಲ್ಲಿ 38 ವರ್ಷ, ಮೊದಲು ಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತು, ಲಗ್ನಪತ್ರಿಕೆ, ಕರಪತ್ರ, ನೋಟ್‌ಬುಕ್ಕಿನ ರಟ್ಟು ಮಾಡಿದವನು ನಾನು. ಡಿಸೈನರ್ ಅಂತ ನನ್ನನ್ನು ಯಾರೂ ಕರೆದದ್ದಿಲ್ಲ. ಆದರೂ ಕೇಳಿದ್ದೀಯಲ್ಲ, ಹೇಳುತ್ತೇನೆ. ಕಹಿ ಅನಿಸಿದರೆ, ನಿನ್ನ ಕಾಕು ಮಾಡಿದ ಉಂಡಿ ಇದರ ಜೊತೆಗೇ ಇದೆ, ತಿನ್ನು.

‘ಈ ವರ್ಷದ ಬಣ್ಣಗಳು’, ‘ನೋಡಲೇಬೇಕಾದ 10 ಲೋಗೋ’, ‘ಮನಸೂರೆಗೊಂಡ ಪೋಸ್ಟರುಗಳು’, ಈ ಮೂರಕ್ಕೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದೇನೆ. ಇವೆಲ್ಲ ಬೇರೆಯವರ ಮದುವೆಯ ಆಲ್ಬಮ್ ತೋರಿಸಿದ ಹಾಗೆ. ಬಂದವರು ಪುಟ ತಿರುವುತ್ತಾರೆ, ‘ಚೆಂದ ಅದ’ ಅಂತಾರೆ, ಚಹಾ ಕುಡಿದು ಎದ್ದು ಹೋಗುತ್ತಾರೆ. ಅದೂ ಅಲ್ಲದೆ, ಆ ಚಿತ್ರಗಳು ನಿಮ್ಮ ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಎಲ್ಲರ ಫೋನಿನಲ್ಲೂ ಹಳಸಿರುತ್ತವೆ.

ಹತ್ತು ಲೋಗೋ ಹಾಕುವ ಜಾಗದಲ್ಲಿ ಒಂದನ್ನೇ ಹಿಡಿ. ಮೈಸೂರು ಸ್ಯಾಂಡಲ್ ಸೋಪನ್ನೇ ತಗೋ. ಹುಟ್ಟಿದಾಗಿನಿಂದ ಅದರ ಡಬ್ಬಿ ನೋಡಿದ್ದೀಯಲ್ಲ, ಅದರ ಮೇಲಿರುವ ಪ್ರಾಣಿ ಯಾವುದು ಹೇಳು. ನಿನ್ನ ಗೆಳತಿಯರನ್ನೂ ಕೇಳು. ಆನೆ ಅಂತಾರೆ, ಇಲ್ಲ ಸಿಂಹ ಅಂತಾರೆ. ಅದು ಶರಭ, ಸಿಂಹದ ಮೈಗೆ ಆನೆಯ ತಲೆ. ಒಂದನೇ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು, ಮೈಸೂರಲ್ಲಿ 1916ರಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಆಯ್ತು. ಆಮೇಲೆ ಸೋಪು ಬಂತು. ಸೋಪಿನ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಎಸ್. ಜಿ. ಶಾಸ್ತ್ರಿಯವರು, ಉಳಿದ ಸೋಪುಗಳು ಇಟ್ಟಿಗೆಯ ಹಾಗೆ ಚೌಕಾಗಿದ್ದ ಕಾಲದಲ್ಲಿ, ಇದಕ್ಕೆ ಮೊಟ್ಟೆಯಾಕಾರ ಕೊಟ್ಟರು. ಡಬ್ಬಿಯನ್ನು ಒಡವೆಯ ಪೆಟ್ಟಿಗೆಯ ಹಾಗೆ ಮಾಡಿಸಿದರು. ಈಗ ನೀನು ಕೇಳಬೇಕಾದ್ದು ಇದು. ಮೂಲೆ ಇಲ್ಲದ ಸೋಪು ಕೈಯಲ್ಲಿ ಹೇಗೆ ಕೂರುತ್ತದೆ? ಸವೆಯುತ್ತಾ ಹೋದಾಗ ಯಾವ ಆಕಾರಕ್ಕೆ ಬರುತ್ತದೆ? ಡಬ್ಬಿಯ ಮೇಲೆ ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಅಚ್ಚು ಮಾಡಿದಾಗ ಆ ಶರಭದ ಸೊಂಡಿಲು ಸೊಂಡಿಲಾಗೇ ಕಾಣುತ್ತದೋ, ಮಸಿ ತುಂಬಿ ಬಾಲವಾಗುತ್ತದೋ? ಇದಿಷ್ಟನ್ನು ಕೂತು ಬರೆದರೆ ನಾಲ್ಕು ಪುಟ ಆಗುತ್ತದೆ. ಸೋಪು ತರಿಸಿಕೊಂಡು, ತಿಂಗಳು ಬಳಸಿ, ಆಮೇಲೆ ಬರೆ.

ನಿನ್ನ ಪಟ್ಟಿಯಲ್ಲಿ ‘ಸಾಧಕರ ಸಂದರ್ಶನ’ ಅಂತ ಒಂದಿದೆ. ಇರಲಿ, ಆದರೆ ‘ನಿಮಗೆ ಸ್ಫೂರ್ತಿ ಯಾರು’ ಅಂತ ಮಾತ್ರ ಕೇಳಬೇಡ. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಇಸ್ತ್ರಿ ಮಾಡಿ ಮಡಚಿಟ್ಟ ಉತ್ತರ ಇರುತ್ತದೆ. ‘ಈ ಕೆಲಸದಲ್ಲಿ ಹರಿದು ಬಿಸಾಕಿದ್ದು ಯಾವುದು, ಯಾಕೆ’ ಅಂತ ಕೇಳು. ನಮ್ಮ ಪ್ರೆಸ್ಸಿನಲ್ಲಿ ಮೆಷಿನ್ನಿನ ಪಕ್ಕ ಒಂದು ಬಿದಿರಿನ ಬುಟ್ಟಿ ಇತ್ತು. ತಿದ್ದಿದ ಪ್ರೂಫು, ಬಣ್ಣ ಕೆಟ್ಟ ಹಾಳೆ ಎಲ್ಲ ಅದಕ್ಕೆ. ಹೊಸ ಹುಡುಗ ಯಾರಾದರೂ ಕೆಲಸಕ್ಕೆ ಬಂದರೆ ಶೋಕೇಸಿನಲ್ಲಿದ್ದ ಮಾದರಿ ಪತ್ರಿಕೆಗಳನ್ನು ತೋರಿಸುತ್ತಿರಲಿಲ್ಲ. ಒಂದು ವಾರ ಆ ಬುಟ್ಟಿಯ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸು ಅಂತ ಕೂರಿಸುತ್ತಿದ್ದೆ. ಒಂದೇ ಪತ್ರಿಕೆಯ ಐದು ಪ್ರೂಫು ಸಾಲಾಗಿ ಇಟ್ಟಾಗ, ಗಣಪತಿ ಬ್ಲಾಕು ಯಾಕೆ ಅರ್ಧ ಇಂಚು ಮೇಲೆ ಹೋಯಿತು, ಅಜ್ಜನ ಹೆಸರು ಯಾಕೆ ದಪ್ಪ ಆಯಿತು ಅನ್ನುವುದು ಅವನಿಗೇ ತಿಳಿಯುತ್ತಿತ್ತು. ಅಜ್ಜನ ಹೆಸರು ದಪ್ಪ ಆಗುವುದಕ್ಕೆ ಕಾರಣ ಯಾವಾಗಲೂ ಅಜ್ಜನೇ, ಆ ಮಾತು ಬೇರೆ.

ಬುಟ್ಟಿಯ ಮಾತು ಬಂತಲ್ಲ, ನಂದೇ ಒಂದು ಹೇಳುತ್ತೇನೆ. ಇದನ್ನು ನಿಮ್ಮ ಮೊದಲ ಸಂಚಿಕೆಗೆ ಬೇಕಾದರೆ ಹಾಕಿಕೊಳ್ಳಿ.

ಕಡುಗೆಂಪು ಕಾಗದದ ಮೇಲೆ ಬಂಗಾರದ ಅಕ್ಷರ ಆಗ ಊರಿಗೆ ಹೊಸದು. ಅಂಟು ಮಸಿಯಲ್ಲಿ ಅಚ್ಚು ಹಾಕಿ, ಹಸಿ ಇರುವಾಗಲೇ ಬಂಗಾರ ಬಣ್ಣದ ಪುಡಿ ಉದುರಿಸಿ, ಹತ್ತಿಯಿಂದ ಒರೆಸಬೇಕು. ಒರೆಸಿದವರ ಮೂಗಿನ ತುದಿಯೂ ಸಂಜೆಯ ತನಕ ಬಂಗಾರ. ಒಬ್ಬರ ಮಗಳ ಮದುವೆ ಪತ್ರಿಕೆ, ಮುಹೂರ್ತ ಬೆಳಗಿನ ಆರು ಗಂಟೆ. ಅವರಿಗೆ ಕನ್ನಡ ಅಂಕಿಯೇ ಬೇಕಿತ್ತು. ನಮ್ಮ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಬಾಲದ ಒಂದು ತಿರುವು. ಸಣ್ಣ ಮೊಳೆ, ಅದರ ಮೇಲೆ ಪುಡಿ ಕೂತು ಆ ತಿರುವು ಮುಚ್ಚಿಹೋಯಿತು. ನನಗೆ ಅದು ಕಾಣಲೇ ಇಲ್ಲ. ಹಗಲು ಬೆಳಕಿನಲ್ಲಿ ಪತ್ರಿಕೆಯನ್ನು ಓರೆ ಮಾಡಿ ಹಿಡಿದು ಅದರ ಹೊಳಪು ನೋಡಿ ಖುಷಿಪಟ್ಟಿದ್ದೆನೇ ಹೊರತು ಓದಿರಲಿಲ್ಲ. ಹುಡುಗಿಯ ಸೋದರಮಾವ ಬೇರೆ ಊರಿಂದ ಕುಟುಂಬ ಸಮೇತ ಬಂದು ಇಳಿದಾಗ ಒಂಬತ್ತಕ್ಕೆ ಐದು ನಿಮಿಷ. ಅಕ್ಷತೆ ಮುಗಿದು ಉಪ್ಪಿಟ್ಟಿನ ಪಂಕ್ತಿ ಏಳುತ್ತಿತ್ತು. ಮರುದಿನ ಆ ಮನುಷ್ಯ ಪ್ರೆಸ್ಸಿಗೆ ಬಂದ. ಬೈಯಲಿಲ್ಲ. ಪತ್ರಿಕೆ ನನ್ನ ಮುಂದಿಟ್ಟು ‘ಓದ್ರಿ’ ಅಂದ. ಟ್ಯೂಬ್‌ಲೈಟಿನ ಕೆಳಗೆ ನಾನು ಅದನ್ನು ಆಚೀಚೆ ಓರೆ ಮಾಡಿ, ಮೂಗಿನ ಹತ್ತಿರ ತಂದು, ನಾನೂ ಒಂಬತ್ತು ಅಂತಲೇ ಓದಿದೆ.

ಅವತ್ತಿನಿಂದ ಮುಹೂರ್ತದ ಸಾಲನ್ನು ಅಂಕಿಯಲ್ಲೂ ಅಕ್ಷರದಲ್ಲೂ ಎರಡು ಸಲ ಹಾಕುತ್ತಿದ್ದೆ. ಗಿರಾಕಿ ಬೇಡ ಅಂದರೂ ಹಾಕುತ್ತಿದ್ದೆ. ಆ ಬಂಗಾರದ ಪತ್ರಿಕೆಯ ಫೋಟೋ ಈಗ ತೆಗೆದು ‘ಹಳೆಯ ಕಾಲದ ಸುಂದರ ಲಗ್ನಪತ್ರಿಕೆಗಳು’ ಅಂತ ನೀನು ಹಾಕಿದರೆ ನೂರು ಜನ ಮೆಚ್ಚುತ್ತಾರೆ. ಫೋಟೋದಲ್ಲಿ ಅದು ಈಗಲೂ ಬಹಳ ಚೆಂದ. ಸೋದರಮಾವನ ಕಥೆ ಜೊತೆಗೆ ಹಾಕಿದರೆ ಮಾತ್ರ ನಾಳೆ ಯಾವನೋ ಡಿಟಿಪಿ ಹುಡುಗ ಬಣ್ಣ ಆರಿಸುವ ಮುಂಚೆ ಅಂಕಿಯ ಬಾಲ ನೋಡುತ್ತಾನೆ. ನಿನ್ನ ಪಟ್ಟಿಯ ಒಂದೊಂದನ್ನೂ ಇದೇ ಹುಡುಗನ ಮುಂದಿಟ್ಟು ನೋಡು. ಓದಿದ ಮರುದಿನ ಅವನ ಕೈ ಏನಾದರೂ ಬೇರೆ ಮಾಡುತ್ತದೆಯೇ? ಮಾಡದಿದ್ದರೆ ಆ ಪುಟಕ್ಕೆ ಕಾಗದ ದಂಡ. ಕಾಗದದ ರೇಟು ನಿನಗೆ ನಾನು ಹೇಳಬೇಕಾಗಿಲ್ಲ.

ವಿನ್ಯಾಸದ ಬಗ್ಗೆ ಹೇಗೆ ಬರೆಯಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಒಂದು ತಂಬಿಗೆಯದು. ನಿನಗೆ ಕಾಲೇಜಿನಲ್ಲಿ ಹೇಳಿರಬೇಕು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ನಮ್ಮ ತಂಬಿಗೆಯನ್ನು, ಅವರ ಬಾಯಲ್ಲಿ ಲೋಟಾ, ಹೊಗಳಿದ್ದಾರೆ. ಹೊಗಳಿದ್ದು ದೊಡ್ಡದಲ್ಲ ಬಿಡು. ಅದರ ಮುಂದೆ ಕೂತು ಅವರು ಕೇಳಿದ ಪ್ರಶ್ನೆಗಳಿವೆಯಲ್ಲ, ಅವು ದೊಡ್ಡವು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ, ಕಲ್ಲಿನ ಮೇಲೆ ಇಟ್ಟರೆ ಸಪ್ಪಳ ಹೇಗೆ, ಕೊನೆಗೆ ಗುಜರಿಗೆ ಹಾಕಿದರೆ ಎಷ್ಟು ಬರುತ್ತದೆ. ನಮ್ಮವ್ವನ ತಂಬಿಗೆ ಇನ್ನೂ ಹಿತ್ತಲಲ್ಲಿದೆ. ವರದಿಯ ವಿಷಯ ಕೇಳಿದ ಮೇಲೆ ನಾನೂ ಒಂದಿನ ಅದನ್ನು ಹಿಡಿದುಕೊಂಡು ಕೂತೆ. ಕಂಠ ಸಣ್ಣಗಿರುವುದಕ್ಕೆ ನಡೆದಾಗ ನೀರು ಚೆಲ್ಲುವುದಿಲ್ಲ, ಅದೇ ಕಂಠಕ್ಕೆ ಹಗ್ಗ ಬಿಗಿದು ಬಾವಿಗೂ ಬಿಡಬಹುದು, ಬಾಯಿಯ ಅಂಚು ಹೊರಗೆ ಬಾಗಿರುವುದಕ್ಕೆ ಹಗ್ಗ ಮೇಲೆ ಜಾರುವುದಿಲ್ಲ. 60 ವರ್ಷ ಆ ತಂಬಿಗೆಯಲ್ಲೇ ನೀರು ಕುಡಿದವನಿಗೆ ಇದು ಹೊಳೆದಿರಲಿಲ್ಲ ನೋಡು.

‘ಇಳಕಲ್ ಸೀರೆ: ಒಂದು ಪರಿಚಯ’. ಇದನ್ನು ಇಡು, ‘ಪರಿಚಯ’ ತೆಗೆ. ದಾಳಿಂಬೆ ಕೆಂಪು, ಚಿಕ್ಕಿ ಪರಾಸ ದಡಿ, ಪರಂಪರೆ, ಹೆಮ್ಮೆ, ಇಷ್ಟು ಎಲ್ಲರೂ ಬರೆದಾಗಿದೆ. ಸೀರೆಯನ್ನು ಮಗುಚಿ ಹಾಕಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡು. ಅಲ್ಲಿ ಒಡಲಿನ ಹಾಸು ದಾರ ಬೇರೆ, ಸೆರಗಿನದು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ ಇನ್ನೊಂದರ ಕುಣಿಕೆಗೆ ಸಿಕ್ಕಿಸಿರುತ್ತಾರೆ. ತೋಪು ತೆನಿ ಅನ್ನುವುದು ಇದಕ್ಕೇ. ಹೀಗೆ ಜೋಡಿಸಬೇಕಾದ್ದರಿಂದ ಒಂದು ಹಾಸು ಅಂದರೆ ಒಂದೇ ಸೀರೆ. ಉದ್ದನೆಯ ಹಾಸು ಏರಿಸಿ ಸಾಲಾಗಿ ನೇಯ್ದು ಕತ್ತರಿಸುವ ಹಾಗಿಲ್ಲ. ಇಷ್ಟು ಕಷ್ಟ ಯಾಕೆ? ಜನ ನೋಡುವುದು ಸೆರಗು, ರೇಷ್ಮೆ ತುಟ್ಟಿ, ನಮ್ಮ ಬಿಸಿಲಿಗೆ ಮೈಗೆ ಹತ್ತಿ ಹಿತ ಅಂತ ನನ್ನ ಲೆಕ್ಕ. ನೇಕಾರರು ಬೇರೆಯೇ ಹೇಳಬಹುದು. ಅವರು ಏನು ಹೇಳುತ್ತಾರೋ ಅದನ್ನು ಬರೆ, ನನ್ನ ಲೆಕ್ಕವನ್ನು ಬಿಡು.

‘ಸಾಫ್ಟ್‌ವೇರ್ ಕಲಿಯಿರಿ’ ಅಂತ ನಾಲ್ಕು ಕಂತು ಹಾಕಿದ್ದೀ. ಬೇಡ. ವರ್ಷ ತುಂಬುವುದರೊಳಗೆ ಆ ಬಟನ್ನು ಬೇರೆ ಮೂಲೆಗೆ ಹೋಗಿರುತ್ತದೆ. ಆ ನಾಲ್ಕೂ ಕಂತನ್ನು ಒತ್ತಕ್ಷರಕ್ಕೆ ಕೊಡು. ಇದು ತಮಾಷೆಯ ಮಾತಲ್ಲ. ಪುಟ ಕಟ್ಟುವ ಸಾಫ್ಟ್‌ವೇರು ಹತ್ತು ಪಾಯಿಂಟಿನ ಅಕ್ಷರಕ್ಕೆ ಹನ್ನೆರಡು ಪಾಯಿಂಟಿನ ಸಾಲು ತಾನೇ ಇಟ್ಟುಕೊಳ್ಳುತ್ತದೆ, ಅದು ಇಂಗ್ಲಿಷಿನ ಅಳತೆ. ‘ರಾಷ್ಟ್ರೀಯ’ ಅಂತ ಒಂದು ಶಬ್ದ ಬರೆದು ನೋಡು. ಮೇಲೆ ಗುಡಿಸು ದೀರ್ಘ, ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಕೆಳಗಿನ ಸಾಲಿನಲ್ಲಿ ಅದಕ್ಕೆ ಸರಿಯಾಗಿ ‘ಕೀ’ ಬಂದರೆ ಎರಡೂ ಜಡೆ ಜಗ್ಗಿಕೊಳ್ಳುತ್ತವೆ. ನಾನು ಹದಿನಾಲ್ಕೂವರೆಗಿಂತ ಕಡಿಮೆ ಕೊಟ್ಟವನಲ್ಲ. ಮೊಳೆಯ ಕಾಲದಲ್ಲೂ ಇದೇ ತಾಪತ್ರಯ, ಒತ್ತುಗಳಿಗೆ ಬೇರೆ ಮೊಳೆ, ಬೇರೆ ಖಾನೆ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮೊಳೆಯಲ್ಲಿ ಅಚ್ಚಾಯಿತು. ಆದರೆ 1843ರಲ್ಲಿ ಮೊಗ್ಲಿಂಗ್ ಮಂಗಳೂರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವೇ ಕಲ್ಲಿನ ಮೇಲೆ ಮೂಡಿ ಅಚ್ಚಾದದ್ದು. ಬರೆಯುವ ಕೈ ಒತ್ತು ಬಂದಾಗ ತಾನೇ ಜಾಗ ಬಿಡುತ್ತದೆ. ಆ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಸಾಲಿನ ಅಂತರ ಅಳೆದು ಬರೆದರೆ ನಾನೇ ಮೊದಲ ಚಂದಾದಾರ. ನುಡಿ ಸಾಫ್ಟ್‌ವೇರಿನಲ್ಲಿ ಕೂಡಿಸಿದ್ದನ್ನು ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಕೆಲವೊಮ್ಮೆ ಕೆಡುತ್ತದೆ, ಅದಕ್ಕೆ ಪ್ರೂಫ್ ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನೂ ಬರೆ. ಇದನ್ನು ಇಂಗ್ಲಿಷಿನವರು ನಿನಗಾಗಿ ಬರೆದುಕೊಡುವುದಿಲ್ಲ.

ತಪ್ಪು ಕಾಗುಣಿತದ ಬೋರ್ಡುಗಳ ಫೋಟೋ ಹಾಕಿ ನಗುವ ಅಂಕಣ ಹೊಡೆದುಹಾಕಿದ್ದೇನೆ. ಯಾಕೆ ಅಂತ ಕೇಳಬೇಡ, ಏಣಿಯ ಮೇಲೆ ನಿಂತು ಒಂದು ಬೋರ್ಡು ಬರೆದು ನೋಡು.

ಇನ್ನು ದುಡ್ಡಿನ ವಿಚಾರ. ಜಾಹೀರಾತು ತಗೊಳ್ಳಿ, ಪ್ರೆಸ್ಸಿನವರಿಂದಲೇ ತಗೊಳ್ಳಿ, ಆದರೆ ಜಾಹೀರಾತು ಕೊಟ್ಟವರ ಕೆಲಸದ ಬಗ್ಗೆ ಆ ಸಂಚಿಕೆಯಲ್ಲಿ ಲೇಖನ ಬೇಡ. ಗೆಳೆಯರ ಕೆಲಸವಾದರೆ ಗೆಳೆಯರು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡು.

ಹೆಸರು ಹಾಕುವುದನ್ನು ಮರೆಯಬೇಡ. ಏಷ್ಯನ್ ಪೇಂಟ್ಸಿನ ಗಟ್ಟು ಹುಡುಗನನ್ನು 1954ರಲ್ಲಿ ಬರೆದದ್ದು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅಂತ ನಮಗೆ ಗೊತ್ತಿದೆ, ದೊಡ್ಡವರಾದ್ದರಿಂದ ಗೊತ್ತಿದೆ. ನಿನ್ನ ಚೀಲದಲ್ಲಿರುವ ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲಿನ ನವಿಲು ಯಾರದು? ಪ್ರೆಸ್ಸಿನ ಹೆಸರು ಕೆಳಗೆ ಇದೆ, ನವಿಲು ಬರೆದವನದು ಇಲ್ಲ. ಒಂದು ವಸ್ತುವಿನ ಬಗ್ಗೆ ಬರೆದಾಗ ಅದರಲ್ಲಿ ಕೈಯಿಟ್ಟವರನ್ನೆಲ್ಲ ಹುಡುಕು. ಎರಡು ಫೋನು ಹೆಚ್ಚು ಮಾಡು. ಸಿಕ್ಕರೆ ಕೇಳಿ, ಒಪ್ಪಿದರೆ ಹೆಸರು ಹಾಕು, ಬೇಡ ಅಂದರೆ ಬಿಡು. ಆ ನವಿಲು ಯಾರದು ಅಂತ ನನಗೆ ಗೊತ್ತು. ಹೇಳುವುದಿಲ್ಲ, ಹುಡುಕಿಕೊಂಡು ಬಾ.

ಉಳಿದ ವಿಷಯಗಳಿಗೆ ಪಕ್ಕದಲ್ಲಿ ಚುಕ್ಕಿ ಇಟ್ಟಿದ್ದೇನೆ. ಒಂದು ಚುಕ್ಕಿ ಅಂದರೆ ಇರಲಿ, ಎರಡು ಅಂದರೆ ಮುಂದಿನ ವರ್ಷ. ಆ ಕೆಂಪು ಪತ್ರಿಕೆಯ ಒಂದು ಪ್ರತಿ ಉಂಡಿಯ ಡಬ್ಬಿಯ ತಳದಲ್ಲಿದೆ, ಎಣ್ಣೆ ಹತ್ತದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದೇನೆ. ಸ್ಕ್ಯಾನ್ ಮಾಡುವ ಮುಂಚೆ ರಾತ್ರಿ ದೀಪದ ಕೆಳಗೆ ಒಮ್ಮೆ ಓದು.

ಬರುವ ರವಿವಾರ ಪುರುಸೊತ್ತಿದ್ದರೆ ಶನಿವಾರವೇ ಇಲ್ಲಿಗೆ ಬಾ, ಮುಂಜಾನೆಯ ಬಸ್ಸಿಗೆ ಇಳಕಲ್ಲಿಗೆ ಹೋಗೋಣ. ಕ್ಯಾಮೆರಾ ತಾ, ಆದರೆ ಮಧ್ಯಾಹ್ನದ ಊಟದ ತನಕ ಅದು ಚೀಲದಲ್ಲೇ ಇರಲಿ. ಮಗ್ಗದ ಮುಂದೆ ಕೂರಲು ಒಂದು ಚಾದರ ನಾನು ತರುತ್ತೇನೆ.

ನಿನ್ನ ಕಾಕಾ