ಅಂಟಿನ ಶೀಶೆ ತೆರೆಯುವ ಮುನ್ನ

ಮಗೂ, ಎರಡನೇ ಮಹಾಯುದ್ಧದ ‘ಡಕ್’ ಟ್ರಕ್ಕಿನ ಕಿಟ್ ತರಿಸಿದ್ದೀಯಂತೆ, 1/35 ಅಳತೆಯದು. ಕೇಳಿ ಖುಷಿಯಾಯ್ತು. ಕಟ್ಟಿ ಮುಗಿಸಿದರೆ ಸುಮಾರು 27 ಸೆಂಟಿಮೀಟರ್ ಉದ್ದ ಬರುತ್ತೆ, ಇಡೋಕೆ ಜಾಗ ಈಗಲೇ ನೋಡಿಟ್ಟುಕೋ. ಅಂಟು ಮುಟ್ಟುವ ಮೊದಲು ಒಂದು ಮಾತು ತೀರ್ಮಾನವಾಗಲಿ: ನಿನ್ನ ಗಾಡಿ ನೀರಲ್ಲಿದೆಯೋ, ಮರಳ ಮೇಲಿದೆಯೋ, ರಸ್ತೆಯಲ್ಲಿದೆಯೋ?

ಯಾಕೆಂದರೆ ಈ ಗಾಡಿಯ ಚಹರೆ ಜಾಗಕ್ಕೆ ತಕ್ಕಂತೆ ಬದಲಾಗುತ್ತೆ. ಜಿಎಂಸಿ ಕಂಪನಿಯ ಎರಡೂವರೆ ಟನ್ ಲಾರಿಯ ಸುತ್ತ ದೋಣಿಯ ಒಡಲು ಕಟ್ಟಿದ್ದು ಇದು. ವಿನ್ಯಾಸ ಮಾಡಿದವರಲ್ಲಿ ಪಂದ್ಯದ ಹಾಯಿದೋಣಿಗಳಿಗೆ ಹೆಸರಾದ ರಾಡ್ ಸ್ಟೀಫನ್ಸ್ ಒಬ್ಬರು. ನೀರಿಗಿಳಿದಾಗ ಮೂತಿಯ ಮೇಲಿನ ಅಲೆತಡೆ ಹಲಗೆ ಎದ್ದು ನಿಲ್ಲಬೇಕು. ಮರಳಿಗೆ ಬಂದಾಗ ಟೈರ್ ಮೆತ್ತಗಾಗಬೇಕು. ಡ್ರೈವರ್ ಕೂತಲ್ಲಿಂದಲೇ ಟೈರಿನ ಗಾಳಿ ಬಿಡುತ್ತಿದ್ದ, ಗಟ್ಟಿ ರಸ್ತೆ ಸಿಕ್ಕರೆ ಮತ್ತೆ ತುಂಬುತ್ತಿದ್ದ. ಅದಕ್ಕೇ ಮರಳಿನ ದೃಶ್ಯವಾದರೆ ದುಂಡು ಟೈರ್ ಹಾಗೇ ಕೂರಿಸಬೇಡ. ಗಟ್ಟಿ ಪ್ಲಾಸ್ಟಿಕ್ಕಿನದಾದರೆ ನೆಲ ಮುಟ್ಟುವ ಭಾಗವನ್ನು ಅರದಿಂದ ಒಂದಿಷ್ಟೇ ಸವೆಸು. ಆಮೇಲೆ ಗಾಡಿಯನ್ನು ಗಾಜಿನ ಮೇಲಿಟ್ಟು, ಆರೂ ಚಕ್ರ ಊರುತ್ತಾವಾ ಅಂತ ನೋಡಿಯೇ ಅಚ್ಚಿಗೆ ಅಂಟಿಸು.

ಹೊರೆ ತುಂಬುವಾಗ ಮಾತ್ರ ಕೈ ಬಿಗಿ ಹಿಡಿ. ಚೆನ್ನಾಗಿ ಕಾಣುತ್ತೆ ಅಂತ ಪೆಟ್ಟಿಗೆ, ಮರಳಚೀಲ, ಫಿರಂಗಿ ಎಲ್ಲಾ ಪೇರಿಸುವವರಿದ್ದಾರೆ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಒಮಾಹಾ ತೀರಕ್ಕೆ ಇಳಿಯಲು ಹೊರಟಾಗ ನಿಜವಾಗಿಯೂ ಹಾಗೇ ಪೇರಿಸಿದ್ದರು. ಅಮೆರಿಕದ 111ನೇ ಫಿರಂಗಿ ದಳದ 12 ಹೊವಿಟ್ಜರುಗಳು ಇಂಥ ಗಾಡಿಗಳಲ್ಲೇ ಹೊರಟಿದ್ದವು. ಒಂದು ಫಿರಂಗಿಯ ತೂಕವೇ ಎರಡೂಕಾಲು ಟನ್. ಗಾಡಿ ಹೊರಬಹುದಾದ ಭಾರ ಬಹುತೇಕ ಅಷ್ಟಕ್ಕೇ ಮುಗಿದಿತ್ತು. ಅದರ ಮೇಲೆ ಗುಂಡು, ಮರಳಚೀಲ, ಸೈನಿಕರು. 11 ಫಿರಂಗಿಗಳು ದಡ ಸೇರಿ ಕೆಲಸಕ್ಕೆ ಬರಲೇ ಇಲ್ಲ, ಹೆಚ್ಚಿನವು ಸಮುದ್ರದ ಪಾಲಾದವು. ಆ ಗಾಡಿಗಳಲ್ಲಿದ್ದವರು ನಿನ್ನ ವಯಸ್ಸಿನ ಹುಡುಗರು, ಮಗೂ. ಭಾರ ಹೊತ್ತ ಗಾಡಿ ತೋರಿಸಲೇಬೇಕು ಅನ್ನಿಸಿದರೆ ನೀರು ಅಂಚಿನವರೆಗೂ ಏರಿರುವಂತೆ ತೋರಿಸು, ತೇಲುವ ಆಟಿಕೆಯ ಹಾಗೆ ಮೇಲೆ ಕೂರಿಸಬೇಡ.

ಬಿಡಿಭಾಗಗಳನ್ನು ಸೋಪುನೀರಲ್ಲಿ ತೊಳೆದು ಒಣಗಿಸು, ಒಳಮೈಗೆ ಬಣ್ಣ ಹಚ್ಚದೆ ಒಡಲಿನ ಮೇಲ್ಭಾಗ ಮುಚ್ಚಬೇಡ. ಇದೆಲ್ಲ ನಿನಗೆ ಗೊತ್ತಿರೋದೇ. ಹಿಂಬದಿ ತಳದ ಗೂಡಿನಲ್ಲಿರುವ ಪ್ರೊಪೆಲ್ಲರನ್ನು ಮಾತ್ರ ಅವಸರದಲ್ಲಿ ಮುಗಿಸಬೇಡ. ನೀರಲ್ಲಿ ಇಡೀ ಗಾಡಿಯನ್ನು ನೂಕುತ್ತಿದ್ದದ್ದು ಅದೊಂದೇ.

ನನ್ನನ್ನು ಕೇಳಿದರೆ ಯುದ್ಧದ ದೃಶ್ಯವೇ ಬೇಡ. 1942ರ ಚಳಿಗಾಲದಲ್ಲಿ, ಈ ಗಾಡಿಯನ್ನು ಸೈನ್ಯ ಇನ್ನೂ ಪೂರ್ತಿ ನಂಬದಿದ್ದಾಗ, ಅಮೆರಿಕದ ಪ್ರಾವಿನ್ಸ್‌ಟೌನ್ ಬಳಿ ಕರಾವಳಿ ಕಾವಲಿನ ದೋಣಿಯೊಂದು ಬಿರುಗಾಳಿಗೆ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಪರೀಕ್ಷೆಗೆಂದು ಅಲ್ಲಿದ್ದ ಡಕ್ ಆ ಅಲೆಗಳಿಗೆ ನುಗ್ಗಿ ಏಳು ಜನರನ್ನು ದಡಕ್ಕೆ ತಂದಿತು. ಅದನ್ನೇ ಮಾಡು. ಹಲಗೆ ಎದ್ದಿರಲಿ, ಒಳಗೆ ಏಳು ಜನಕ್ಕೂ ಜಾಗ ಬಿಡು.