ಬಗ್ಗಿಯ ಬೆಲೆಯನ್ನು ಗಂಟೆಯ ಲೆಕ್ಕದಲ್ಲಿ ನೋಡಿ

ಕಳೆದ ವರ್ಷ 1:10 ಅಳತೆಯ ಟೂ-ವೀಲ್ ಡ್ರೈವ್ ರಿಮೋಟ್ ಕಂಟ್ರೋಲ್ ರೇಸಿಂಗ್ ಬಗ್ಗಿಯ ಕಿಟ್ ಕೊಂಡೆ. ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಸರ್ವೊ, ರೇಡಿಯೊ, ಬ್ಯಾಟರಿ, ಚಾರ್ಜರ್, ಕೊನೆಗೆ ಟೈರಿಗೂ ಬೇರೆಯೇ ದುಡ್ಡು. ಎಲ್ಲ ಸೇರಿ 80 ಸಾವಿರ ರೂಪಾಯಿ. ದುಬಾರಿ ಹೌದು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿದ ಮೇಲೆ ಈ ಹವ್ಯಾಸದಲ್ಲಿ ಅಗ್ಗದ ದಾರಿ ಉಳಿದಿಲ್ಲ. ಆದರೂ ಈ ಖರೀದಿಯನ್ನು ನಾನು ಸಮರ್ಥಿಸಿಕೊಳ್ಳುತ್ತೇನೆ.

ಮೊದಲ ಕಾರಣ ನೆಲ. ಬೆಂಗಳೂರಿನ ಹೊರವಲಯದಲ್ಲಿ ನಾವು ಓಡಿಸುವುದು ಸಡಿಲ ಕೆಮ್ಮಣ್ಣಿನ ಮೇಲೆ. ಕಾರ್ಪೆಟ್ ಟ್ರ್ಯಾಕಿನಲ್ಲಿ ಮಿಡ್ ಮೋಟರ್ ಬಗ್ಗಿ ಚುರುಕಾಗಿ ತಿರುಗುತ್ತದೆ. ಇಲ್ಲಿ ಅದೇ ಗಾಡಿಯ ಹಿಂಗಾಲು ಜಾರುತ್ತದೆ. ರಿಯರ್ ಮೋಟರ್ ಆದರೆ ಭಾರ ಹಿಂದಿನ ಚಕ್ರದ ಮೇಲೆ ಕೂತು ಹಿಡಿತ ಸಿಗುತ್ತದೆ. ಟೀಮ್ ಅಸೋಸಿಯೇಟೆಡ್ ಕಂಪನಿ ಬಿ5 ಮತ್ತು ಬಿ5ಎಂ ಎಂದು ಎರಡು ಗಾಡಿ ತಂದದ್ದು ಈ ವ್ಯತ್ಯಾಸಕ್ಕೇ. ಫೋರ್-ವೀಲ್ ಡ್ರೈವ್ ಓಡಿಸಲು ಸುಲಭ. ಆದರೆ ಡಿಫರೆನ್ಷಿಯಲ್ (ಡಿಫ್), ಶಾಫ್ಟ್, ಬೇರಿಂಗ್ ಎಲ್ಲವೂ ಹೆಚ್ಚು, ಬಿಚ್ಚಿ ತೊಳೆಯುವ ಕೆಲಸವೂ ಹೆಚ್ಚು.

ಎರಡನೆಯ ಕಾರಣ ಓಡಿಸುವ ಖರ್ಚು. ನೈಟ್ರೊ ಇಂಧನದ 1:8 ಬಗ್ಗಿಯನ್ನು ತೆಗೆದುಕೊಳ್ಳಿ. ಗುಂಡಿ, ಜಂಪುಗಳ ಮೇಲೆ ಅದರ ಸ್ಥಿರತೆಗೆ ಸಾಟಿಯಿಲ್ಲ. ಆದರೆ ಲೆಕ್ಕ ನೋಡಿ. ಟ್ಯಾಂಕ್ 125 ಸಿಸಿ. ಒಂದು ಟ್ಯಾಂಕಿಗೆ ಹತ್ತು ನಿಮಿಷ ಎಂದರೂ ಗಂಟೆಗೆ ಆರು ಟ್ಯಾಂಕ್, ಅಂದರೆ 750 ಮಿ.ಲೀ. ಲೀಟರಿಗೆ 1,500 ರೂಪಾಯಿಯಂತೆ 1,125 ರೂಪಾಯಿ. 600 ರೂಪಾಯಿಯ ಗ್ಲೋ ಪ್ಲಗ್ ಆರು ಗಂಟೆ ಬಂದರೆ ಗಂಟೆಗೆ 100. ಎಂಜಿನ್ 24,000, ನಲವತ್ತು ಗಂಟೆಗೆ ಪಿಸ್ಟನ್-ಸ್ಲೀವ್ ಸವೆದರೆ ಗಂಟೆಗೆ 600. ಒಟ್ಟು 1,825.

ಈಗ ನನ್ನ ಬಗ್ಗಿ. 2ಎಸ್ (ಎರಡು ಸೆಲ್ಲಿನ) 5,000 ಎಂಎಎಚ್ ಲಿಪೊ ಬ್ಯಾಟರಿ, ಅಂದರೆ 37 ವ್ಯಾಟ್-ಅವರ್. ಚಾರ್ಜಿಂಗ್ ನಷ್ಟ ಸೇರಿಸಿ 45 ಎನ್ನಿ. ಗಂಟೆಗೆ ನಾಲ್ಕು ಚಾರ್ಜ್ ಎಂದರೂ 0.18 ಯೂನಿಟ್, ಒಂದೂಕಾಲು ರೂಪಾಯಿಯ ಕರೆಂಟು. 4,000 ರೂಪಾಯಿಯ ಬ್ಯಾಟರಿ 200 ಚಾರ್ಜ್ ಬಂದರೆ ಚಾರ್ಜಿಗೆ 20, ಗಂಟೆಗೆ 80. ಮೋಟರ್ ಬೇರಿಂಗ್ ಸೇರಿಸಿ ಒಟ್ಟು ನೂರು ಎನ್ನೋಣ. ವ್ಯತ್ಯಾಸ ಗಂಟೆಗೆ 1,725. ವರ್ಷಕ್ಕೆ ಐವತ್ತು ಗಂಟೆ ಓಡಿಸಿದರೆ 86,250 ರೂಪಾಯಿ. ನನ್ನ ಇಡೀ ಗಾಡಿಯ ಬೆಲೆಗಿಂತ ಇದೇ ಹೆಚ್ಚು! 1:8 ಎಲೆಕ್ಟ್ರಿಕ್ ಇದಕ್ಕಿಂತ ವಾಸಿ, ಆದರೆ 4ಎಸ್ ಬ್ಯಾಟರಿಗೆ ಹೆಚ್ಚುಕಡಿಮೆ ಎರಡರಷ್ಟು ಕೊಡಬೇಕು.

ಇನ್ನು 'ಗಂಟೆಗೆ 70 ಕಿ.ಮೀ.' ಎಂದು ಡಬ್ಬಿಯ ಮೇಲೆ ಬರೆದುಕೊಂಡು ಆನ್‌ಲೈನಿನಲ್ಲಿ ಒಂಬತ್ತು ಸಾವಿರಕ್ಕೆ ಬರುವ ರೆಡಿ-ಟು-ರನ್ ಗಾಡಿಗಳು. ದಯವಿಟ್ಟು ಬೇಡ. ಇಎಸ್‌ಸಿ, ರಿಸೀವರ್ ಒಂದೇ ಬೋರ್ಡಿನಲ್ಲಿರುತ್ತವೆ. ಒಂದು ಸುಟ್ಟರೆ ಎರಡೂ ಹೋದವು. ಸರ್ವೊಗೆ ಐದು ವೈರು. ಮಾರುಕಟ್ಟೆಯ ಮೂರು ವೈರಿನ ಸರ್ವೊ ಅದಕ್ಕೆ ಹೊಂದುವುದಿಲ್ಲ. ಆರ್ಮ್ ಮುರಿದರೆ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಮಕ್ಕಳ ಉತ್ಸಾಹವೇ ಆರಿಹೋಗಿರುತ್ತದೆ. ಸಣ್ಣ ಬಜೆಟ್ಟೇ ಆದರೆ ಟಾಮಿಯಾದ ಡಿಟಿ-03 ಅಥವಾ ಟಿಟಿ-02ಬಿ ಕೊಂಡು, ಪ್ಲಾಸ್ಟಿಕ್ ಬುಷ್ ತೆಗೆದು ಬಾಲ್ ಬೇರಿಂಗ್ ಹಾಕಿಕೊಳ್ಳಿ. ನಿಮ್ಮ ಕೈಯಾರೆ ಜೋಡಿಸಿದ ಗಾಡಿಯನ್ನು ನೀವೇ ರಿಪೇರಿ ಮಾಡಬಲ್ಲಿರಿ.

ಯಾವ ಗಾಡಿಯದಾದರೂ ಆಯಸ್ಸು ನಿಮ್ಮ ಅಭ್ಯಾಸದಲ್ಲಿದೆ. ಓಡಿಸಿ ಬಂದ ಸಂಜೆಯೇ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬೇರಿಂಗಿಗೆ ನೀರು ಬಿಡಬೇಡಿ. ಲಿಪೊವನ್ನು ಪೂರ್ತಿ ಚಾರ್ಜಿನಲ್ಲಿ ವಾರಗಟ್ಟಲೆ ಇಡಬೇಡಿ, ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿಡಿ. ಬಾಲ್ ಡಿಫ್ ಗರಗರ ಎಂದ ದಿನವೇ ಬಿಚ್ಚಿ. ಶಾಕ್ ಆಯಿಲ್ ಬದಲಿಸಿದ ತಾರೀಖು ಬರೆದಿಡಿ. ದುಡ್ಡು ಖರ್ಚು ಮಾಡಲು ಹಿಂಜರಿಯದವರೂ ಹತ್ತು ನಿಮಿಷ ಕೊಡಲು ಹಿಂಜರಿಯುತ್ತಾರೆ. ರಿಪೇರಿ ಖರ್ಚು ಬೆಳೆಯುವುದು ಅಲ್ಲೇ.

ಆದ್ದರಿಂದ ಅಂಗಡಿಯಲ್ಲಿ ಗಾಡಿಯ ಬೆಲೆಗಿಂತ ಮೊದಲು ಮುಂದಿನ ಸಸ್ಪೆನ್ಷನ್ ಆರ್ಮಿನ ಬೆಲೆ ಕೇಳಿ, ಸ್ಟಾಕಿನಲ್ಲಿದೆಯೇ ಕೇಳಿ. 'ತರಿಸಿಕೊಡ್ತೀವಿ ಸರ್' ಎಂದರೆ ಆ ಗಾಡಿ ಬಿಟ್ಟು ಬೇರೆಯದನ್ನು ನೋಡಿ.