ಮಳೆ ನಿಂತ ಮೇಲೆ ಅಣಬೆ ನೋಡೋದು ಹೇಗೆ?

ಅಣಬೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಮಶ್ರೂಮ್ ಮಂಚೂರಿ. ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರಾಣೇಬೆನ್ನೂರು ತಾಲ್ಲೂಕಿನ ಐರಣಿಯಂಥ ತುಂಗಭದ್ರಾ ದಂಡೆಯ ಊರಲ್ಲಿ ಹೊಲದ ಬದು, ತಿಪ್ಪೆ, ಹುತ್ತದ ಸುತ್ತ ಕೂತು ನೋಡಬೇಕು. ಉಗುರಿನಷ್ಟು ಸಣ್ಣ ಅಣಬೆಗಳದ್ದೇ ಬೇರೆ ಲೋಕ.

ಅಣಬೆ ಗಿಡ ಅಲ್ಲ, ಶಿಲೀಂಧ್ರ. ಮರಕ್ಕೆ ಹಣ್ಣು ಹೇಗೋ, ಮಣ್ಣೊಳಗೆ ಹರಡಿದ ಬಿಳಿ ಎಳೆಗಳ ಬಲೆಗೆ ಅಣಬೆ ಹಾಗೆ. ಮೊಗ್ಗು ಮೊದಲೇ ತಯಾರಿರುತ್ತೆ; ನೀರು ಹೀರಿ ಅದರ ಜೀವಕೋಶಗಳು ಉಬ್ಬುತ್ತವೆ. ಅದಕ್ಕೇ ರಾತ್ರಿ ಇಲ್ಲದ್ದು ಬೆಳಗ್ಗೆ ಕಾಣುತ್ತೆ.

ಎಲ್ಲಿ ಹುಡುಕೋಣ?

ಹುತ್ತದ ಹತ್ತಿರ: ಟರ್ಮಿಟೊಮೈಸಿಸ್ ಮೈಕ್ರೋಕಾರ್ಪಸ್. ಗೆದ್ದಲು ತನ್ನ ಆಹಾರಕ್ಕೆ ಸಾಕೋ ಶಿಲೀಂಧ್ರದ್ದು. ಟೋಪಿ ಸುಮಾರು 1–2 ಸೆಂ.ಮೀ.; ನೂರಾರು ಒಟ್ಟಿಗೇ ಏಳುತ್ತವೆ. ಹುತ್ತದ ಬಾಯಿಗೆ ಕೈ ಹಾಕಬೇಡಿ, ಹಾವಿರಬಹುದು.

ತಿಪ್ಪೆ, ಕೊಳೆತ ಕಟ್ಟಿಗೆ: ಸಯಾಥಸ್. ಪುಟ್ಟ ಬಟ್ಟಲು, ಒಳಗೆ ಮೊಟ್ಟೆಯಂಥ ಬೀಜಕದ ಪೊಟ್ಟಣಗಳು, ಥೇಟ್ ಹಕ್ಕಿಗೂಡು. ಮಳೆಹನಿ ಬಿದ್ದ ಏಟಿಗೆ ಪೊಟ್ಟಣ ಸುಮಾರು ಒಂದು ಮೀಟರ್ ದೂರ ಚಿಮ್ಮುತ್ತೆ. ಮೋಟಾರಿಲ್ಲ, ಸ್ಪ್ರಿಂಗಿಲ್ಲ; ಬಟ್ಟಲಿನ ಆಕಾರವೇ ಡಿಸೈನ್.

ಹುಲ್ಲು: ಪ್ಯಾರಸೋಲಾ. ನೆರಿಗೆ ಹಿಡಿದ ತೆಳು ಛತ್ರಿ, ಒಂದೇ ದಿನದ ಬಾಳು.

ಒಣ ಎಲೆ: ಮರಾಸ್ಮಿಯಸ್. ಬಿಸಿಲಿಗೆ ಮುದುಡಿ, ಮತ್ತೆ ಮಳೆ ಬಂದ್ರೆ ಅರಳುತ್ತೆ.

ಬಿಸಿಲೇರೋ ಮುಂಚೆ ಹೋಗಿ. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀರಿ; ಅದರ ಅಗಲ 27 ಮಿ.ಮೀ., ಅಳತೆ ಸಿಕ್ಕಂಗಾಯ್ತು. ಟೋಪಿಯ ಅಡಿಭಾಗ, ಕಾಂಡದ ಬುಡ, ಯಾವುದರ ಮೇಲೆ ಬೆಳೆದಿದೆ, ಮೂರನ್ನೂ ದಾಖಲಿಸಿ. ಟೋಪಿಯನ್ನು ಬಿಳಿ-ಕಪ್ಪು ಕಾಗದದ ಮೇಲೆ ಮಗುಚಿಡದೆ ಹಾಗೇ ಇಟ್ಟು, ಲೋಟ ಮುಚ್ಚಿ ರಾತ್ರಿಯಿಡೀ ಬಿಟ್ರೆ ಬೀಜಕಗಳ ಬಣ್ಣ ಮೂಡುತ್ತೆ. ಗುರುತಿಸೋಕೆ ಅದು ದೊಡ್ಡ ಸುಳಿವು. ಆಮೇಲೆ ಕೈ ತೊಳೀರಿ.

ಆದರೆ ತಿನ್ನೋ ಮಾತು ಬೇಡ. ‘ಹುಳ ತಿಂದಿದ್ರೆ ವಿಷ ಇಲ್ಲ’, ‘ಬೇಯಿಸಿದ್ರೆ ವಿಷ ಹೋಗುತ್ತೆ’ ಅನ್ನೋದು ಎರಡೂ ಸುಳ್ಳು. ಲೆಪಿಯೋಟಾ ಕುಲದ ಕೆಲವು ಸಣ್ಣ ಅಣಬೆಗಳಲ್ಲೂ ಅಮಟಾಕ್ಸಿನ್ ಇರುತ್ತೆ. ಬೇಯಿಸಿದರೂ ಅದು ಹೋಗಲ್ಲ. ವಾಂತಿ-ಭೇದಿ ಶುರುವಾಗೋದೇ ಆರು ಗಂಟೆ ಕಳೆದ ಮೇಲೆ. ನಡುವೆ ವಾಸಿಯಾದಂಗೆ ಕಂಡರೂ ಒಳಗೆ ಲಿವರ್ ಹಾಳಾಗ್ತಿರುತ್ತೆ. ಯಾರಾದರೂ ತಿಂದಿದ್ದು ಗೊತ್ತಾದ್ರೆ ಕಾಯಬೇಡಿ. ಉಳಿದ ಅಣಬೆ ಸಮೇತ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮೊಬೈಲ್ ಆ್ಯಪ್ ಹೇಳೋ ಹೆಸರು ಊಹೆ ಅಷ್ಟೇ, ಊಟಕ್ಕೆ ಪರವಾನಗಿ ಅಲ್ಲ.

ಈ ಮಳೆಗಾಲ ನಿಮ್ಮೂರಲ್ಲಿ ಕಂಡದ್ದನ್ನ ನಾಣ್ಯದ ಜೊತೆ ಫೋಟೋ ತೆಗೆದು ಕ್ಲಬ್‌ಗೆ ಕಳಿಸಿ. ಕೂಡಿ ನೋಡೋಣ.